ಬೀಜಕ್ಕೆ ಕಾಯುವ ವ್ಯವಧಾನವಿಲ್ಲ

(ಗ್ರಾಮ ಸಸ್ಯಕ್ಷೇತ್ರ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಹಲಸಿನ ಬೀಜವನ್ನು ಒಣಗಿಸಿ ಮಳೆಗಾಲದ ಅಡುಗೆಗೆಂದು ತೆಗೆದಿರಿಸುವ ರೂಢಿ ಮಲೆನಾಡಿನ ಮನೆಗಳಲ್ಲಿ ಇಂದಿಗೂ ಇದೆ. ಹಾಗೆ ಒಣಗಿದ ಬೀಜ ಹುಳಿಗೆ ರುಚಿ ಕೊಟ್ಟೀತು, ಮಣ್ಣಿಗೆ ಹಾಕಿದರೆ ಮೊಳೆಯದು. ಗಿಡ ಬೇಕೆಂದವರು ಹಣ್ಣು ತಿಂದ ಕೆಲವೇ ದಿನಗಳಲ್ಲಿ ಬೀಜವನ್ನು ಊರುತ್ತಾರೆ. ಅಡುಗೆಮನೆಗೆ ತಿಳಿದಿರುವ ಈ ಸಂಗತಿ ಸಸಿ ಬೆಳೆಸುವ ಯೋಜನೆಗಳ ವೇಳಾಪಟ್ಟಿಗೆ ಮಾತ್ರ ತಿಳಿದಂತಿಲ್ಲ. ಬೆಟ್ಟದ ಮೇಲೆ ಯಾವ ಮರ ನಿಂತಿದೆ, ಯಾವುದು ಕಾಣೆಯಾಗಿದೆ ಎಂಬ ಪ್ರಶ್ನೆಗೆ ಬಹುಪಾಲು ಉತ್ತರ ನರ್ಸರಿಯ ಪಾತಿಯಲ್ಲಿಯೇ ಇದೆ.

ಬೀಜಗಳಲ್ಲಿ ಸ್ಥೂಲವಾಗಿ ಎರಡು ಸ್ವಭಾವಗಳಿವೆ. ಭತ್ತ, ರಾಗಿ, ಅಕೇಶಿಯಾಗಳ ಬೀಜ ಒಣಗಿದ ಮೇಲೆ ನಿದ್ರೆಗೆ ಜಾರುತ್ತದೆ. ಆಸ್ಟ್ರೇಲಿಯಾ, ಪಪುವಾ ನ್ಯೂಗಿನಿಗಳ ಮೂಲದ ಅಕೇಶಿಯಾದ ಗಟ್ಟಿ ಬೀಜವನ್ನು ಚೀಲದಲ್ಲಿ ಕಟ್ಟಿಟ್ಟರೆ ವರ್ಷಗಳ ಕಾಲ ಕೆಡುವುದಿಲ್ಲ. ಬೇಕಾದಾಗ ಬಿಸಿನೀರಿನಲ್ಲಿ ನೆನೆಸಿ ಬಿತ್ತಿದರೆ ಸಾಕು. ಸಾಲುಧೂಪ, ರಾಮಪತ್ರೆಗಳಂಥ ನಿತ್ಯಹರಿದ್ವರ್ಣ ಕಾನಿನ ಮರಗಳದು ಬೇರೆಯೇ ಬಗೆ. ಅವುಗಳ ಬೀಜ ಮೈತುಂಬ ನೀರಿನೊಡನೆ ನೆಲಕ್ಕೆ ಬೀಳುತ್ತದೆ. ಆ ನೀರು ಆರಿದರೆ ಒಳಗಿನ ಭ್ರೂಣವೂ ಸಾಯುತ್ತದೆ. ಕೆಲವು ವಾರಗಳೊಳಗೆ ಮಣ್ಣು ಸೇರದಿದ್ದರೆ ಅದು ಬೀಜವಲ್ಲ, ಬರಿಯ ಕಸ. ಮಂಗಟ್ಟೆ ಹಕ್ಕಿ ರಾಮಪತ್ರೆಯ ಹಣ್ಣನ್ನು ನುಂಗಿ, ಕೆಂಪು ಪತ್ರೆಯನ್ನು ಜೀರ್ಣಿಸಿಕೊಂಡು, ಬೀಜವನ್ನು ಬೇರೆಡೆ ಉಗುಳುತ್ತದೆ. ಯಾವ ಟೆಂಡರನ್ನೂ ಕರೆಯದೆ ಸಕಾಲದಲ್ಲಿ ಬಿತ್ತನೆ ಮುಗಿಸುವ ಇಲಾಖೆ ಅದೊಂದೇ ಇರಬೇಕು!

ಈಗ ನರ್ಸರಿಯ ಪಂಚಾಂಗವನ್ನು ನೋಡೋಣ. ಹಣಕಾಸಿನ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಚಳಿಗಾಲದಲ್ಲಿ ಚೀಲಕ್ಕೆ ಮಣ್ಣು ತುಂಬಿ ಬೀಜ ಬಿತ್ತಿದರೆ ಜೂನ್ ಹೊತ್ತಿಗೆ ಸಸಿ ಗುಂಡಿಗೆ ಸಿದ್ಧವಾಗಬೇಕು. ಈ ಐದಾರು ತಿಂಗಳ ಲೆಕ್ಕಕ್ಕೆ ಅಕೇಶಿಯಾ ಚೆನ್ನಾಗಿ ಹೊಂದುತ್ತದೆ. ಸಾಲುಧೂಪದ ಬೀಜ ಉದುರುವುದು ಮಳೆಯ ಆರಂಭದಲ್ಲಿ, ನರ್ಸರಿಯವರೆಲ್ಲ ಹಿಂದಿನ ಸಸಿಗಳನ್ನು ಲಾರಿಗೆ ಏರಿಸುವ ಗಡಿಬಿಡಿಯಲ್ಲಿ ಇರುವಾಗ. ಆಗ ಬಿತ್ತಿದ ಸಸಿಗೆ ಒಂದು ಇಡೀ ಬೇಸಿಗೆ ನೀರೆರೆದು ನೆರಳು ಕೊಡಬೇಕು. ನೆಡಲು ಮುಂದಿನ ಮಳೆಗಾಲದವರೆಗೆ, ಕೆಲವೊಮ್ಮೆ ಅದರಾಚೆಗೂ ಕಾಯಬೇಕು. ಆ ಎರಡನೆಯ ವರ್ಷದ ನೀರಿಗೆ ಹಣ ಯಾವ ಬಾಬಿನಿಂದ ಬರುತ್ತದೆ? ಗುರಿ ಸಸಿಗಳ ಸಂಖ್ಯೆಯಲ್ಲಿ ನಿಗದಿಯಾದಾಗ, ಕಾಯಬಲ್ಲ ಬೀಜವೇ ಗೆಲ್ಲುತ್ತದೆ. ಇದರಲ್ಲಿ ಯಾರೊಬ್ಬರ ದುರುದ್ದೇಶವನ್ನೂ ಹುಡುಕಬೇಕಿಲ್ಲ. ಆದರೆ ಸೊಪ್ಪಿನಬೆಟ್ಟದಲ್ಲಿ ದನ ಮುಟ್ಟದ, ಗೊಬ್ಬರವಾಗಲು ಒಲ್ಲದ ಅಕೇಶಿಯಾ ತರಗು ಹಾಸಿಕೊಂಡಿರುವುದಕ್ಕೆ ಈ ಲೆಕ್ಕವೂ ಒಂದು ಮುಖ್ಯ ಕಾರಣ.

ಈ ಜಗಳ ಹೊಸದಲ್ಲ. 1987ರ ನವೆಂಬರ್ 14ರಂದು ಈಗಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ಜನರು 'ಕಿತ್ತಿಕೊ-ಹಚ್ಚಿಕೊ' ಸತ್ಯಾಗ್ರಹ ಮಾಡಿದರು. ಗೋಮಾಳದಲ್ಲಿ ನೆಟ್ಟಿದ್ದ ನೀಲಗಿರಿ ಸಸಿಗಳನ್ನು ಸಾಂಕೇತಿಕವಾಗಿ ಕಿತ್ತು, ಊರಿಗೆ ಉಪಯುಕ್ತವಾದ ಗಿಡಗಳನ್ನು ಹಚ್ಚಿದರು. ಕೀಳುವುದಕ್ಕೆ ಕೈ ಸಾಕು. ಹಚ್ಚುವುದಕ್ಕೆ ಸಸಿ ಬೇಕು. 1983ರ ಸೆಪ್ಟೆಂಬರ್ 8ರಂದು ಸಿರಸಿ ಸೀಮೆಯ ಸಾಲ್ಕಣಿಯವರು ಕಳಾಸೆ ಕಾಡಿನಲ್ಲಿ ಮರಗಳನ್ನು ಅಪ್ಪಿಕೊಂಡ ಮೇಲೆ ಬೆಳೆದ ಚಳವಳಿಯೂ 'ಉಳಿಸು, ಬೆಳೆಸು, ಬಳಸು' ಎಂದಿತು. ಆ ಮೂರರಲ್ಲಿ 'ಉಳಿಸು' ಎಲ್ಲರ ನೆನಪಿನಲ್ಲಿದೆ. 'ಬೆಳೆಸು' ಎಂಬುದಕ್ಕೆ ಹಳ್ಳಿಗಳಲ್ಲಿ ಹುಟ್ಟಿದ ಪುಟ್ಟ ಸಸ್ಯಕ್ಷೇತ್ರಗಳ ಕಥೆ ಅಷ್ಟು ಪ್ರಚಾರ ಪಡೆಯಲಿಲ್ಲ.

ಇನ್ನು ಚೀಲದ ಮಾತು. ಕರ್ನಾಟಕವು 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಚೀಲಗಳನ್ನು ನಿಷೇಧಿಸಿದಾಗ, ಸರ್ಕಾರಿ ಇಲಾಖೆಗಳ ಬೇಡಿಕೆಯ ಮೇರೆಗೆ ನರ್ಸರಿಗಳಿಗೆ ಪೂರೈಸುವ ಚೀಲಕ್ಕೆ ವಿನಾಯಿತಿ ಸಿಕ್ಕಿತು. ಚೀಲ ಕಾಡಿನಲ್ಲಿ ಉಳಿಯುವುದು ಒಂದು ತೊಂದರೆ. ಬೇರಿನ ತೊಂದರೆ ಅದಕ್ಕಿಂತ ಗುಪ್ತವಾದುದು. ಚಿಕ್ಕ ಚೀಲದಲ್ಲಿ ಹೆಚ್ಚು ಕಾಲ ಉಳಿದ ಸಸಿಯ ತಾಯಿಬೇರು ತಳದಲ್ಲಿ ಸುರುಳಿ ಸುತ್ತುತ್ತದೆ, ಇಲ್ಲವೇ ಚೀಲವನ್ನು ತೂರಿ ನೆಲಕ್ಕೆ ಇಳಿದು ಎತ್ತುವಾಗ ಹರಿಯುತ್ತದೆ. ನೆಟ್ಟ ವರ್ಷ ಹಸುರಾಗಿಯೇ ಕಾಣುವ ಇಂಥ ಗಿಡ ಮುಂದೊಂದು ಬೇಸಿಗೆಯಲ್ಲಿ ಒಣಗಿದಾಗ, ತಪ್ಪು ಮಳೆಯ ತಲೆಗೆ ಬರುತ್ತದೆ.

ಸಿದ್ದಾಪುರ ತಾಲೂಕಿನ ಕತ್ತಲೆಕಾನಿನ ಜೌಗಿನಲ್ಲಿ ಗುರುತಿಸಿದ ಒಂದು ಮರಕ್ಕೆ ವಿಜ್ಞಾನಿಗಳು 2000ದಲ್ಲಿ ಆ ಕಾನಿನ ಹೆಸರನ್ನೇ ಇಟ್ಟರು: ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್. ಗೇರಿನ ಬಳಗದ ಈ ಮರ ಅಳಿವಿನ ಅಂಚಿನಲ್ಲಿದೆ. ಸಿರಸಿಯ ಅರಣ್ಯ ಮಹಾವಿದ್ಯಾಲಯದವರು ಅದರ ಸಸಿಗಳನ್ನು ಬೆಳೆಸಿ ಜೌಗು ನೆಲಕ್ಕೆ ಮರಳಿಸಿದ್ದಾರೆ. ಬೀಜ ಬೀಳುವ ದಿನಕ್ಕೆ ಸರಿಯಾಗಿ ಮನುಷ್ಯರು ಮರದ ಬುಡದಲ್ಲಿ ಇರದಿದ್ದರೆ ಇಂಥ ಕೆಲಸ ಆಗುವುದಿಲ್ಲ. ದೂರದ ಕೇಂದ್ರ ನರ್ಸರಿಗಿಂತ ಕಾನಿನಂಚಿನ ಊರಿಗೆ ಇರುವ ಅನುಕೂಲ ಇದೇ. ಅಲ್ಲಿ ದೊಡ್ಡ ಬಂಡವಾಳ ಬೇಡ. ತೋಟದ ನೆರಳು, ಹಳ್ಳದ ನೀರು, ತರಗಿನ ಗೊಬ್ಬರ ಸಾಕು. ಬೇಕಾದುದು ಯಾವ ಮರ ಯಾವ ವಾರ ಉದುರುತ್ತದೆ ಎಂಬ ಲೆಕ್ಕ. ಶಾಲೆಯ ಮಕ್ಕಳು ಒಂದು ಪುಸ್ತಕದಲ್ಲಿ ಅದನ್ನು ಬರೆದಿಡಬಹುದು.

ಆ ಪುಸ್ತಕದಲ್ಲಿ ಉಪ್ಪಾಗೆಗೆ ಒಂದು ಪುಟ ಬೇರೆಯೇ ಇರಲಿ. ಅದರದು ಇನ್ನೊಂದು ಹಟ: ಬಿತ್ತಿದ ಮೇಲೆ ಮೊಳೆಯಲು ಹಲವು ತಿಂಗಳು ಬೇಕು. ಹೊರಸಿಪ್ಪೆಯನ್ನು ನಾಜೂಕಾಗಿ ಸುಲಿದು ಬಿತ್ತಿದರೆ ಬೇಗ ಮೊಳೆಯುತ್ತದೆ. ಅದನ್ನು ಅರಿಯದವರು ದೀಪಾವಳಿಯವರೆಗೆ ನೋಡಿ, ಬೀಜ ಸತ್ತಿತೆಂದು ಪಾತಿಯನ್ನು ಅಗೆದುಬಿಡುತ್ತಾರೆ. ಈ ಸಲ ಪಾತಿಯ ಬದಿಗೆ ಬಿತ್ತಿದ ದಿನಾಂಕ ಬರೆದ ಒಂದು ಹಲಗೆ ನೆಟ್ಟು, ಮುಂದಿನ ಯುಗಾದಿಯವರೆಗೆ ಯಾರೂ ಗುದ್ದಲಿ ಹಾಕದಂತೆ ನೋಡಿಕೊಳ್ಳಬೇಕು.