ಕುಲಮೂಲವೂ ನೆಲಮೂಲವೂ

ಋಷಿಮೂಲವನ್ನೂ ನದೀಮೂಲವನ್ನೂ ಹುಡುಕಬಾರದೆಂದು ನಮ್ಮಲ್ಲಿ ಒಂದು ಮಾತಿದೆ. ಆದರೆ ಹಾಗೆಂದು ಹೇಳಿದ ಹಿರಿಯರೇ, ಹೊಸಬರೊಬ್ಬರು ಬಂದು ಜಗಲಿಯ ಮೇಲೆ ಕುಳಿತರೆ, ನೀರು ಬೆಲ್ಲ ಕೊಟ್ಟು ಉಪಚರಿಸಿ, “ತಮ್ಮ ಮೂಲ ಯಾವ ಕಡೆಯದಾಯಿತು?” ಎಂದು ವಿಚಾರಿಸದೆ ಬಿಡುವುದಿಲ್ಲ. ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಯಲ್ಲಿ ಈ ಪ್ರಶ್ನೆಗೆ ಉತ್ತರ ಹೇಳುವ ಕಲ್ಲುಗಳಿವೆ; ಕಲ್ಲಿನ ಮೇಲೆ ಹೆಸರಿಲ್ಲದ ಜನರೂ ಇದ್ದಾರೆ. ಇಬ್ಬರ ಮಾತನ್ನೂ ಒಟ್ಟಿಗೆ ಇಟ್ಟು ನೋಡಬೇಕೆಂಬುದು ನನ್ನ ಈ ಹೊತ್ತಿನ ಉದ್ದೇಶ.

ತರೀಕೆರೆಗೆ ಸಮೀಪದ ಅಮೃತಾಪುರದಲ್ಲಿ, ವೀರಬಲ್ಲಾಳನ ದಂಡನಾಯಕನಾದ ಅಮೃತನು 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯವಿದೆ. ಅಲ್ಲಿಯ ದೊಡ್ಡ ಶಾಸನದ ಪದ್ಯಗಳು ಕವಿ ಜನ್ನನವು. ಹೊಯ್ಸಳರ ಶಾಸನಗಳು ಸಾಮಾನ್ಯವಾಗಿ ಬ್ರಹ್ಮನಿಂದ ಅತ್ರಿ, ಅತ್ರಿಯಿಂದ ಚಂದ್ರ, ಅಲ್ಲಿಂದ ಪುರೂರವ, ಯದು ಎಂದು ಇಳಿದು, ಕೊನೆಗೆ ಹುಲಿಯನ್ನು ಹೊಯ್ದ ಸಳನನ್ನು ತಲುಪುತ್ತವೆ. ಆ ಅರಸರ ಬಿರುದುಗಳಲ್ಲಿ ‘ದ್ವಾರಾವತೀಪುರವರಾಧೀಶ್ವರ’ ಎಂಬುದೊಂದು. ‘ಮಲೆಪರೊಳ್ ಗಂಡ’ ಎಂಬುದು ಇನ್ನೊಂದು. ಮೊದಲನೆಯದು ಸಮುದ್ರತೀರದ ದ್ವಾರಕೆಯ ಕಡೆಗೆ ಕೈತೋರಿಸುತ್ತದೆ. ಎರಡನೆಯದು, ಮಲೆಯ ನಾಯಕರಲ್ಲಿ ತಾನೇ ಗಂಡು ಎಂದು, ನಮ್ಮ ಮಗ್ಗುಲಿನ ಮೂಡಿಗೆರೆಯ ಕಾಡಿನ ಕಡೆಗೆ ತೋರಿಸುತ್ತದೆ. ಸಳನ ಸೊಸೆವೂರನ್ನು ವಿದ್ವಾಂಸರು ಗುರುತಿಸಿರುವುದು ಆ ತಾಲ್ಲೂಕಿನ ಅಂಗಡಿಯಲ್ಲಿಯೇ.

ಇತಿಹಾಸಕಾರರಲ್ಲಿ ಬಹುಮಂದಿ ಎರಡನೆಯ ಬಿರುದನ್ನೇ ನಂಬುತ್ತಾರೆ. ಈ ಮನೆತನದವರೆಂದು ಗುರುತಿಸಲಾದ ಮೊದಲ ನಾಯಕರು ಹತ್ತನೆಯ ಶತಮಾನದ ಮಧ್ಯಭಾಗದವರು. ಸಳನ ಕಥೆ ಶಾಸನಗಳಲ್ಲಿ ಕಾಣಿಸಿಕೊಳ್ಳುವುದು ಹನ್ನೆರಡನೆಯ ಶತಮಾನದ ಆರಂಭದಲ್ಲಿ, ವಿಷ್ಣುವರ್ಧನನ ಕೈ ಮೇಲಾದ ಕಾಲಕ್ಕೆ. ಅಂದರೆ ಮೊದಲು ರಾಜ್ಯ ಬಂದಿತು, ಆಮೇಲೆ ಮುತ್ತಜ್ಜ ಬಂದ. ದೇವಗಿರಿಯ ಸೇವುಣರೂ ತಾವು ಅದೇ ಯದುವಿನ ಕುಲದವರು, ಅದೇ ದ್ವಾರಕೆಯವರು ಎಂದು ಬರೆಸಿಕೊಂಡರು. ವಂಶಾವಳಿಯ ಪ್ರಕಾರ ಇವರಿಬ್ಬರೂ ದಾಯಾದಿಗಳು. ಆ ನೆಂಟಸ್ತಿಕೆ ವೀರಬಲ್ಲಾಳನಿಗೂ ಸೇವುಣ ಭಿಲ್ಲಮನಿಗೂ ನಡೆದ ಯುದ್ಧವನ್ನು ತಡೆಯಲಿಲ್ಲ.

ಅಸಂದಿಯ ಗಂಗರದು ಇದರ ಇನ್ನೊಂದು ಮುಖ. ತಲಕಾಡಿನ ಗಂಗರಾಜ್ಯ ಹನ್ನೊಂದನೆಯ ಶತಮಾನದ ಆದಿಯಲ್ಲಿ ಚೋಳರ ಪಾಲಾಯಿತು. ಆಮೇಲೂ ಅಸಂದಿನಾಡಿನಲ್ಲಿ ಹೊಯ್ಸಳರ ಕೈಕೆಳಗೆ ಆಳಿದ ನಾಯಕರು ಗಂಗರೆಂಬ ಹೆಸರನ್ನು ಬಿಡಲಿಲ್ಲ. ಏರುವವನಿಗೆ ವಂಶಾವಳಿ ಒಂದು ಒಡವೆ. ಇಳಿದವನಿಗೆ ಅದೇ ಒಂದು ಸಮಾಧಾನ.

ಇದು ನಮ್ಮ ನಾಡಿಗೆ ಮಾತ್ರ ಸೇರಿದ ಸಂಗತಿಯಲ್ಲ. ಇಸ್ರಾಯೇಲಿನ ಹನ್ನೆರಡು ಕುಲಗಳು ಯಾಕೋಬನ ಹನ್ನೆರಡು ಗಂಡುಮಕ್ಕಳಿಂದ ಹುಟ್ಟಿದವು, ಯೆಹೋಶುವನ ಮುಂದಾಳುತನದಲ್ಲಿ ಹೊರಗಿನಿಂದ ಬಂದು ಕಾನಾನ್ ದೇಶವನ್ನು ಗೆದ್ದವು ಎಂದು ಬೈಬಲ್ಲಿನ ಕಥನ. ಆ ಹೆಸರು ಹೊರಗಿನ ದಾಖಲೆಯಲ್ಲಿ ಮೊದಲು ಕಾಣುವುದು ಈಜಿಪ್ಟಿನ ದೊರೆ ಮೆರ್ನೆಪ್ತಾನ ಕಲ್ಲಿನಲ್ಲಿ. ಕ್ರಿ.ಪೂ. ಸುಮಾರು 1208ರ ಆ ಕಲ್ಲನ್ನು ಪೆಟ್ರಿ ಎಂಬ ವಿದ್ವಾಂಸ 1896ರಲ್ಲಿ ಕಂಡುಹಿಡಿದ. ಅದರಲ್ಲಿ ಇಸ್ರಾಯೇಲ್ ಎಂಬುದಕ್ಕೆ ನಾಡಿನ ಗುರುತಿಲ್ಲ, ಜನದ ಗುರುತಿದೆ. ಯೆರಿಕೋವಿನಲ್ಲಿ 1950ರ ದಶಕದಲ್ಲಿ ಅಗೆದ ಕ್ಯಾಥ್ಲೀನ್ ಕೆನ್ಯನ್ ಅವರಿಗೆ ಯೆಹೋಶುವನ ಕಾಲಕ್ಕೆ ಹೊಂದುವ ಕೋಟೆಗೋಡೆ ಸಿಗಲಿಲ್ಲ. ಬೆಟ್ಟದ ಸೀಮೆಯಲ್ಲಿ ಸಿಕ್ಕಿದ್ದು ಇನ್ನೂರಕ್ಕೂ ಹೆಚ್ಚು ಸಣ್ಣ ಹಳ್ಳಿಗಳ ಕುರುಹು. ಅಲ್ಲಿಯ ಮಡಕೆಕುಡಿಕೆಗಳು ಕಾನಾನ್ಯರವನ್ನೇ ಹೋಲುತ್ತವೆ. ಹೊರಗಿನಿಂದ ನುಗ್ಗಿದವರೋ, ಮೆಲ್ಲನೆ ಬಂದು ನೆಲೆಸಿದ ಕುರಿಗಾಹಿಗಳೋ, ಬಯಲಿನ ಒಡೆಯರ ವಿರುದ್ಧ ತಿರುಗಿಬಿದ್ದ ಅಲ್ಲಿಯ ರೈತರೋ ಎಂದು ಪಂಡಿತರು ಇಂದಿಗೂ ಚರ್ಚಿಸುತ್ತಾರೆ. ಬೆಟ್ಟದ ಜನರಲ್ಲಿ ಹೆಚ್ಚಿನವರು ಅಲ್ಲಿಯವರೇ, ಹೊರಗಿನ ಕೆಲವರು ಬಂದು ಅವರೊಡನೆ ಬೆರೆತಿರಬೇಕು ಎಂಬ ಕಡೆಗೆ ಇಂದು ಹಲವರ ಒಲವಿದೆ. ಬೈಬಲ್ಲಿನ ಹಳೆಯ ಕವನಗಳಲ್ಲಿ ಒಂದಾದ ದೆಬೋರಳ ಹಾಡಿನಲ್ಲಿ ಕುಲಗಳು ಹನ್ನೆರಡಲ್ಲ, ಹತ್ತು. ಮುಂದೆ ಮುಖ್ಯವಾದ ಯೆಹೂದಕುಲದ ಹೆಸರೇ ಅಲ್ಲಿಲ್ಲ. ಬಾಳಿನಲ್ಲಿ ಒಂದಾದವರು ಅಣ್ಣತಮ್ಮಂದಿರಾಗಬೇಕಾದರೆ ಒಬ್ಬ ತಂದೆ ಬೇಕಾಗುತ್ತಾನೆ.

ನಾನು ಉಪಾಧ್ಯಾಯನಾಗಿದ್ದ ಕಾಲದಲ್ಲಿ ಶಾಸನಗಳ ಪಾಠ ಮುಗಿದ ಮೇಲೆ ತಾಂಡಾದಿಂದ ಬರುತ್ತಿದ್ದ ಒಬ್ಬ ಹುಡುಗ ಎದ್ದುನಿಂತು, “ಸಾರ್, ನಮ್ಮೋರ ಶಾಸನ ಯಾವೂರಲ್ಲಿದೆ?” ಎಂದು ಕೇಳಿದ. ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ. ನಿನ್ನ ಮಾತೇ ನಿನ್ನ ಶಾಸನ ಎಂದೆ. ಲಂಬಾಣಿಗರ ನುಡಿ ರಾಜಸ್ಥಾನ, ಗುಜರಾತುಗಳ ನುಡಿಗಳಿಗೆ ಹತ್ತಿರದ್ದು. ಗ್ರಿಯರ್ಸನ್ನರು ತಮ್ಮ ಭಾಷಾ ಸರ್ವೇಕ್ಷಣೆಯಲ್ಲಿ ಅದನ್ನು ಆರ್ಯಭಾಷೆಗಳ ನಡುವೆ ಇರಿಸಿದ್ದಾರೆ. ರಾಠೋಡ, ಪವಾರ, ಚೌಹಾಣ ಎಂಬ ಹೆಸರುಗಳನ್ನು ಹಿಡಿದು ಇವರು ರಜಪೂತರ ಸಂತತಿ ಎನ್ನುವವರಿದ್ದಾರೆ; ಹೇರೆತ್ತಿನ ಕಸುಬೇ ಹಲವು ಮೂಲದವರನ್ನು ಒಂದು ಕುಲವಾಗಿಸಿರಬೇಕು ಎನ್ನುವವರೂ ಇದ್ದಾರೆ. ಮೊಗಲರ ಸೈನ್ಯಗಳಿಗೆ ಎತ್ತಿನ ಮೇಲೆ ಧಾನ್ಯ ಹೇರಿಕೊಂಡು ದಖ್ಖನಿಗೆ ಬಂದವರು ಇವರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕಡೂರು, ಬೀರೂರು, ಅಜ್ಜಂಪುರಗಳ ಮೂಲಕ ರೈಲು ಹಾದುಹೋದಾಗ ಹೇರೆತ್ತಿನ ಕಾಲ ಮುಗಿಯುತ್ತ ಬಂದಿತ್ತು.

ಇದೇ ಸೀಮೆಯ ಗೊಲ್ಲರ ಹಟ್ಟಿಗಳಲ್ಲಿಯೂ ತಾವು ಕೃಷ್ಣನ ಕುಲದವರು, ಯಾದವರು ಎಂಬ ಮಾತಿದೆ. ಅರಸನು ಕಲ್ಲಿನಲ್ಲಿ ಕೊರೆಸಿದ ಯದುವೂ ದನಗಾಹಿ ನೆನಪಿನಲ್ಲಿ ಉಳಿಸಿಕೊಂಡ ಯದುವೂ ಒಬ್ಬನೇ. ಆದರೂ ಮೊದಲನೆಯದನ್ನು ನಾವು ಚರಿತ್ರೆಯ ಪುಸ್ತಕದಲ್ಲಿ ಓದುತ್ತೇವೆ, ಎರಡನೆಯದನ್ನು ಕಟ್ಟುಕಥೆ ಎಂದು ತಳ್ಳಿಬಿಡುತ್ತೇವೆ. ಸಂಶಯಪಡುವುದಾದರೆ ಎರಡನ್ನೂ ಸಂಶಯಪಡಬೇಕು; ಗೌರವಿಸುವುದಾದರೆ ಎರಡನ್ನೂ ಗೌರವಿಸಬೇಕು. ತಕ್ಕಡಿ ಒಂದೇ ಇರಬೇಕು. ಇಲ್ಲವಾದರೆ ನಾಲ್ಕಾರು ತಲೆಮಾರು ಇಲ್ಲಿಯೇ ಉತ್ತು ಬಿತ್ತಿದವನನ್ನು ಒಂದು ಜಗಳದ ಮಾತಿನಲ್ಲಿ ‘ಎಲ್ಲಿಂದಲೋ ಬಂದವನು’ ಎಂದು ಅನ್ನುವ ಅಧಿಕಾರ ಯಾರಿಗಾದರೂ ಸಿಕ್ಕಿಬಿಡುತ್ತದೆ.

ದಾನಶಾಸನಗಳನ್ನು ಓದುವವರಿಗೆ ಒಂದು ವಿಷಯ ತಿಳಿದೇ ಇದೆ. ಮೇಲಿನ ಸಾಲುಗಳಲ್ಲಿ ವಂಶದ ಹೊಗಳಿಕೆ. ಕೆಳಗಿನ ಸಾಲುಗಳಲ್ಲಿ ಯಾವ ಕೆರೆಯ ಕೆಳಗೆ ಎಷ್ಟು ಗದ್ದೆ, ಮೂಡಲ ಗಡಿ ಯಾವ ಹಳ್ಳ, ಪಡುವಲ ಗಡಿ ಯಾವ ಕಲ್ಲು ಎಂಬ ವಿವರ. ಮೇಲಿನದನ್ನು ಕವಿ ಕಟ್ಟಬಹುದು. ಕೆಳಗಿನದನ್ನು ಕಟ್ಟಲಾಗದು, ಏಕೆಂದರೆ ಊರಿನವರೆಲ್ಲ ಆ ಹಳ್ಳವನ್ನು ಬಲ್ಲರು. ಆ ಗದ್ದೆಯಲ್ಲಿ ನಾಟಿ ಮಾಡಿದವರ, ಆ ಕೆರೆಯ ಏರಿಗೆ ಮಣ್ಣು ಹೊತ್ತವರ ಹೆಸರನ್ನು ಶಾಸನ ಬರೆಯಲಿಲ್ಲ. ಆದರೆ ಅವರಿಲ್ಲದೆ ಆ ಸಾಲುಗಳಿಗೆ ಅರ್ಥವೇ ಇಲ್ಲ. ಈ ಸೀಮೆಗೆ ಸೇರಿದವರು ಯಾರೆಂದು ತಿಳಿಯಬೇಕಾದವರು ಶಾಸನವನ್ನು ಕೆಳಗಿನಿಂದ ಮೇಲಕ್ಕೆ ಓದುವುದು ಒಳ್ಳೆಯದು.