ಕಡಲಿನ ಬಲ ಕಾರ್ಖಾನೆಯಲ್ಲಿ ಹುಟ್ಟುತ್ತದೆ

(ವಿಚಾರಗೋಷ್ಠಿಯೊಂದರಲ್ಲಿ ಮಾಡಿದ ಭಾಷಣದ ಪಾಠ)



ಭಾರತ ಮತ್ತು ಚೀನಾಗಳ ನೌಕಾಬಲದ ಚರ್ಚೆ ನಮ್ಮಲ್ಲಿ ಬಹುಮಟ್ಟಿಗೆ ಹಡಗುಗಳ ಎಣಿಕೆಯಲ್ಲಿಯೇ ಮುಗಿದುಹೋಗುತ್ತದೆ. ಆ ಹಡಗುಗಳನ್ನು ಕಟ್ಟಿದವರು ಯಾರು ಎಂಬ ಪ್ರಶ್ನೆಯನ್ನು ಟಿ.ವಿ.ಯಲ್ಲಿ ಅಬ್ಬರಿಸುವವರು ಕೇಳುವುದಿಲ್ಲ. ಇಂದು ನಾವು ಆ ಪ್ರಶ್ನೆಯನ್ನೇ ಕೇಳಬಯಸುತ್ತೇವೆ.

1961ರಲ್ಲಿ ಭಾರತೀಯ ನೌಕಾಪಡೆಗೆ ವಿಮಾನವಾಹಕ ನೌಕೆ ವಿಕ್ರಾಂತ್ ಸೇರಿತು. ಆಗ ಚೀನಾದ ಬಳಿ ಅಂತಹ ಒಂದು ಹಡಗೂ ಇರಲಿಲ್ಲ. ಆದರೆ ವಿಕ್ರಾಂತ್ ಬ್ರಿಟನ್ನಿನಿಂದ ಕೊಂಡದ್ದು. 1987ರಲ್ಲಿ ಬಂದ ವಿರಾಟ್ ಬ್ರಿಟನ್ನಿನ, 2013ರಲ್ಲಿ ಬಂದ ವಿಕ್ರಮಾದಿತ್ಯ ರಷ್ಯಾದ ಹಳೆಯ ಹಡಗುಗಳು. ಅರ್ಧ ಶತಮಾನ ನಾವು ಕೊಳ್ಳುತ್ತಲೇ ಇದ್ದೆವು.

ಚೀನಾ ಕೂಡ ಕೊಳ್ಳುವುದರಿಂದಲೇ ಆರಂಭಿಸಿತು. ಸೋವಿಯತ್ ಕಾಲದ ಅಪೂರ್ಣ ಹಡಗೊಂದನ್ನು 1998ರಲ್ಲಿ ಉಕ್ರೇನಿನಿಂದ ಪಡೆದು, ಅದನ್ನು ಪೂರ್ಣಗೊಳಿಸಿ 2012ರಲ್ಲಿ 'ಲಿಯಾವೊನಿಂಗ್' ಎಂಬ ಹೆಸರಿನಲ್ಲಿ ಸೇವೆಗಿಳಿಸಿತು. ಅದರಿಂದ ಕಲಿತು 2019ರಲ್ಲಿ 'ಶಾಂಡೊಂಗ್', 2025ರಲ್ಲಿ 'ಫುಜಿಯಾನ್' ನೌಕೆಗಳನ್ನು ತಾನೇ ಕಟ್ಟಿ ಸೇರಿಸಿತು. ಹದಿಮೂರು ವರ್ಷಗಳಲ್ಲಿ ಮೂರು ನೌಕೆಗಳು! ಕೊಚ್ಚಿಯಲ್ಲಿ 2009ರಲ್ಲಿ ಅಡಿಪಟ್ಟಿ ಇಟ್ಟ ನಮ್ಮ ಹೊಸ ವಿಕ್ರಾಂತ್ 2022ರಲ್ಲಿ ಸೇವೆಗೆ ಬಂತು. ಹದಿಮೂರು ವರ್ಷಗಳಲ್ಲಿ ಒಂದು.

ಇದಕ್ಕೆ ಕಾರಣ ನಮ್ಮವರ ಬುದ್ಧಿಯ ಕೊರತೆಯಲ್ಲ. ಹೊಸ ವಿಕ್ರಾಂತ್‌ಗೆ ಬೇಕಾದ ವಿಶೇಷ ಉಕ್ಕನ್ನು ನಮ್ಮ ವಿಜ್ಞಾನಿಗಳು ಮತ್ತು ಉಕ್ಕಿನ ಕಾರ್ಖಾನೆಗಳು ಇಲ್ಲಿಯೇ ಸಿದ್ಧಪಡಿಸಿದವು. ಕೊರತೆ ಇರುವುದು ಕೆಲಸದ ನಿರಂತರತೆಯಲ್ಲಿ. ಜಗತ್ತಿನ ವ್ಯಾಪಾರಿ ಹಡಗುಗಳ ನಿರ್ಮಾಣದಲ್ಲಿ ಸುಮಾರು ಅರ್ಧದಷ್ಟು ಚೀನಾದಲ್ಲಿ ನಡೆಯುತ್ತದೆ. ಭಾರತದ ಪಾಲು ಶೇ. 1ನ್ನೂ ಮುಟ್ಟುವುದಿಲ್ಲ. ವ್ಯಾಪಾರಿ ಹಡಗು ಕಟ್ಟುವ ಕೈಗಳು ಪಳಗಿರುವಲ್ಲಿ ಯುದ್ಧನೌಕೆಯೂ ಬೇಗ ಏಳುತ್ತದೆ. ಮುಂಬೈಯ ಮಜಗಾಂವ್ ಡಾಕ್‌ನಲ್ಲಿ ಜರ್ಮನ್ ವಿನ್ಯಾಸದ ಎರಡು ಜಲಾಂತರ್ಗಾಮಿಗಳು ತಯಾರಾಗಿ 1992 ಮತ್ತು 1994ರಲ್ಲಿ ಸೇವೆಗೆ ಸೇರಿದವು. ಲಂಚದ ಆರೋಪದ ಗದ್ದಲದಲ್ಲಿ ಆ ಯೋಜನೆ ಅಲ್ಲಿಗೇ ನಿಂತಿತು. ಕಷ್ಟಪಟ್ಟು ಗಳಿಸಿದ ಕೌಶಲ ಚದುರಿತು. ಫ್ರಾನ್ಸಿನೊಂದಿಗೆ 2005ರಲ್ಲಿ ಮಾಡಿಕೊಂಡ ಒಪ್ಪಂದದ ಮೊದಲ ಜಲಾಂತರ್ಗಾಮಿ ಬಂದದ್ದು 2017ರಲ್ಲಿ.

ಸ್ಟಾಕ್‌ಹೋಮಿನ ಶಾಂತಿ ಸಂಶೋಧನಾ ಸಂಸ್ಥೆಯ ಲೆಕ್ಕದಂತೆ, 2020-24ರ ಅವಧಿಯಲ್ಲಿ ಶಸ್ತ್ರಾಸ್ತ್ರ ಆಮದಿನಲ್ಲಿ ಭಾರತಕ್ಕೆ ಜಗತ್ತಿನಲ್ಲಿ ಎರಡನೆಯ ಸ್ಥಾನ. ಚೀನಾ ಮೊದಲ ಹತ್ತರ ಪಟ್ಟಿಯಿಂದಲೇ ಹೊರಬಂದಿದೆ. ಪರರ ಶಸ್ತ್ರವನ್ನು ನಂಬಿದವನು ಬಿಡಿಭಾಗಕ್ಕೂ ಪರರ ಬಾಗಿಲು ತಟ್ಟಬೇಕಾಗುತ್ತದೆ.

ಹಾಗೆಂದು ನಾವು ಚೀನಾದ ಅನುಕರಣೆಯನ್ನು ಬೋಧಿಸುತ್ತಿಲ್ಲ. ಪ್ರಶ್ನೆ ಕೇಳುವವರ ಬಾಯಿ ಮುಚ್ಚಿಸುವ ವ್ಯವಸ್ಥೆ ನಮಗೆ ಬೇಡ. 2005ರಲ್ಲಿ ಕಾರ್ಯಾರಂಭ ಮಾಡಿದ ಕಾರವಾರದ ಕದಂಬ ನೌಕಾನೆಲೆಗಾಗಿ ಊರು, ಮನೆ, ಮೀನುಗಾರಿಕೆಯ ದಡ ಬಿಟ್ಟುಕೊಟ್ಟ ಕುಟುಂಬಗಳು ನ್ಯಾಯವಾದ ಪರಿಹಾರಕ್ಕಾಗಿ ವರ್ಷಗಟ್ಟಲೆ ನ್ಯಾಯಾಲಯಗಳಿಗೆ ಅಲೆದವು. ಬಡವನ ಹಕ್ಕನ್ನು ಮರೆತು ಕಟ್ಟಿದ ಬಲ ದೇಶದ ಬಲವೆನಿಸದು.

ಸಹೋದರರೇ, ನೆರೆಯ ದೇಶದ ಮೇಲಿನ ದ್ವೇಷದಿಂದ ಒಂದು ಹಡಗೂ ತೇಲುವುದಿಲ್ಲ. ನಮ್ಮ ಮಕ್ಕಳು ಐ.ಟಿ.ಐ., ಪಾಲಿಟೆಕ್ನಿಕ್, ಇಂಜಿನಿಯರಿಂಗ್ ಕಾಲೇಜುಗಳಿಂದ ಹಡಗು ಕಟ್ಟುವ ವಿದ್ಯೆಯ ಕಡೆಗೆ ನಡೆಯಲಿ. ತೆರಿಗೆ ಕೊಡುವ ನಾವು, ಯೋಜನೆ ಏಕೆ ತಡವಾಯಿತೆಂದೂ ಹಣ ಎಲ್ಲಿ ಹೋಯಿತೆಂದೂ ಸರಕಾರವನ್ನು ಕೇಳೋಣ. ಘೋಷಣೆ ಕೂಗುವುದಕ್ಕಿಂತ ಇದು ದೊಡ್ಡ ದೇಶಸೇವೆ.