ಓಟದ ದಾಖಲೆಯನ್ನು ಓದುವ ಬಗೆ



2020ರ ಫೆಬ್ರವರಿ 1ರಂದು ಐಕಳದ ಕಂಬಳದಲ್ಲಿ, ಅಂದರೆ ಕೆಸರುಗದ್ದೆಯ ಕೋಣಗಳ ಓಟದಲ್ಲಿ, ಶ್ರೀನಿವಾಸ ಗೌಡರು 142.5 ಮೀಟರ್ ಉದ್ದದ ಕರೆಯನ್ನು (ಓಟದ ಗದ್ದೆಯನ್ನು) 13.62 ಸೆಕೆಂಡಿನಲ್ಲಿ ಓಡಿ ಮುಗಿಸಿದರು. ಕೆಲವೇ ದಿನಗಳಲ್ಲಿ ದೇಶವೆಲ್ಲ ‘100 ಮೀಟರಿಗೆ 9.55 ಸೆಕೆಂಡು, ಓಟಗಾರ ಉಸೇನ್ ಬೋಲ್ಟ್‌ಗಿಂತ ಜೋರು’ ಎಂದು ಕೊಂಡಾಡಿತು. ಆ ಓಟಗಾರರ ಮೇಲೆ ನನಗೆ ಅಪಾರ ಗೌರವ. ಗೌರವ ಇರುವುದರಿಂದಲೇ ಈ ಅಂಕಿಯನ್ನು ಬಿಡಿಸಿ ನೋಡಬೇಕು ಅನ್ನುತ್ತೇನೆ.

9.55 ಅನ್ನು ಯಾವ ಗಡಿಯಾರವೂ ತೋರಿಸಲಿಲ್ಲ. ಅದು ಭಾಗಾಕಾರದಿಂದ ಬಂದದ್ದು. ಸರಿಯಾಗಿ ಭಾಗಿಸಿದರೆ 9.558. ನಿಂತಲ್ಲಿಂದ ಹೊರಟವರಿಗೆ ಮೊದಲ ಮೂವತ್ತು ಮೀಟರ್ ನಿಧಾನ, ವೇಗ ಕೂಡುವುದು ಆಮೇಲೆ. ಹಾಗಾಗಿ ಇಂಥ ಚಿಕ್ಕ ಓಟಗಳಲ್ಲಿ ದೂರ ಒಂದಿಷ್ಟು ಹೆಚ್ಚಿದರೆ ಸರಾಸರಿ ಚೆನ್ನಾಗಿ ಕಾಣುತ್ತದೆ. ಹೋಲಿಸಲೇಬೇಕಿದ್ದರೆ ಬೋಲ್ಟ್ 2009ರ ಮೇ ತಿಂಗಳಲ್ಲಿ ಮ್ಯಾಂಚೆಸ್ಟರ್ ಬೀದಿಯ ನೇರ ಹಾದಿಯಲ್ಲಿ ಓಡಿದ 150 ಮೀಟರನ್ನು ತೆಗೆದುಕೊಳ್ಳಬೇಕು: 14.35 ಸೆಕೆಂಡು. ಅದನ್ನೂ ಹೀಗೇ ಭಾಗಿಸಿ, 9.57 ಬರುತ್ತದೆ. ಇಬ್ಬರೂ ಸರಿಸುಮಾರು ಜೊತೆಜೊತೆಗೇ! ಆದರೆ ಗೌಡರ ಕಾಲ ಕೆಳಗೆ ಕೆಸರಿತ್ತು, ಕೈಯಲ್ಲಿ ಕೋಣಗಳ ಎಳೆತವಿತ್ತು. ಒಂದು ತಡೆಯುತ್ತದೆ, ಇನ್ನೊಂದು ಒಯ್ಯುತ್ತದೆ. ಕಂಬಳದ ಸಾಧನೆಯನ್ನು ಕಂಬಳದ ಸಾಲಿನಲ್ಲೇ ಬರೆದರೆ ಅದರ ಎತ್ತರ ಒಂದಿಷ್ಟೂ ತಗ್ಗುವುದಿಲ್ಲ.

ಕಂಬಳದೊಳಗೂ ವಿಭಾಗಗಳಿವೆ: ನೇಗಿಲು, ಹಗ್ಗ, ಅಡ್ಡಹಲಗೆ, ಕನೆಹಲಗೆ. ಕನೆಹಲಗೆಯಲ್ಲಿ ನೋಡುವುದು ಚಿಮ್ಮಿದ ನೀರು ಆರೂವರೆ ಕೋಲು ಎತ್ತರದ ನಿಶಾನೆಗೆ ಮುಟ್ಟಿತೇ, ಏಳೂವರೆ ಕೋಲಿನದಕ್ಕೆ ಮುಟ್ಟಿತೇ ಎಂಬುದನ್ನು. ವಿಭಾಗ ಬರೆಯದೆ ‘ಪ್ರಥಮ’ ಎಂದಷ್ಟೇ ಬರೆದ ಚೀಟಿಯಿಂದ ಏನು ತಿಳಿದೀತು?

ಯಾವ ವಿಭಾಗ ಎಂಬ ಈ ಪ್ರಶ್ನೆ ದೊಡ್ಡದಾಗಿ ಎದ್ದದ್ದು ಅಮೆರಿಕದ ಡ್ರ್ಯಾಗ್ ರೇಸಿನಲ್ಲಿ. ಎರಡು ಕಾರು, ಕಾಲು ಮೈಲಿಯ ನೇರ ದಾರಿ, ಅಂದರೆ 402 ಮೀಟರ್. 1960ರ ದಶಕದಲ್ಲಿ ಕಾರು ಕಂಪನಿಗಳೇ ಬೆನ್ನಿಗೆ ನಿಂತವು. ‘ಸೂಪರ್ ಸ್ಟಾಕ್’ ವಿಭಾಗಕ್ಕೆ ಬರುವ ಕಾರು ಕಾರ್ಖಾನೆಯಲ್ಲಿ ತಯಾರಾಗಿ ಮಾರಾಟಕ್ಕಿರಬೇಕಿತ್ತು. ಅದಕ್ಕೆಂದೇ ಫೋರ್ಡ್ 1964ರಲ್ಲಿ ಫೇರ್‌ಲೇನ್ ಕಾರಿಗೆ 427 ಘನ ಅಂಗುಲದ ಎಂಜಿನ್ ಕೂರಿಸಿ ಸುಮಾರು 100 ‘ಥಂಡರ್‌ಬೋಲ್ಟ್’ಗಳನ್ನು ಮಾಡಿತು. ಆ ಮಟ್ಟಿಗೆ ತಯಾರಾಗದ, ಹೆಚ್ಚು ಬದಲಿಸಿದ ಕಾರುಗಳಿಗೆ ‘ಫ್ಯಾಕ್ಟರಿ ಎಕ್ಸ್‌ಪೆರಿಮೆಂಟಲ್’ ಎಂಬ ಬೇರೆ ವಿಭಾಗವಿತ್ತು. ಆದ್ದರಿಂದ ಆ ಕಾಲದ ದಾಖಲೆ ಕೈಗೆ ಸಿಕ್ಕರೆ ಎಷ್ಟು ಕಾರು ಮಾಡಿದ್ದರು, ಆ ವರ್ಷದ ನಿಯಮ ಏನಿತ್ತು ಎಂದು ಮೊದಲು ಕೇಳಬೇಕು. ಸೆಕೆಂಡಿನ ಮಾತು ಆಮೇಲೆ. ವೇಗದ ಅಂಕಿಯಲ್ಲಂತೂ ಇನ್ನೂ ಎಚ್ಚರ ಬೇಕು. ಆಗ ಗೆಲುವಿನ ಗೆರೆಗೆ 66 ಅಡಿ ಹಿಂದಿನಿಂದ 66 ಅಡಿ ಮುಂದಿನವರೆಗಿನ ಸರಾಸರಿ ಹಿಡಿಯುತ್ತಿದ್ದರು. 1989ರಿಂದ ಅಳತೆ ಗೆರೆಯಲ್ಲೇ ನಿಲ್ಲುತ್ತದೆ. ಹಳೆಯ ವೇಗವನ್ನೂ ಹೊಸದನ್ನೂ ಒಂದೇ ಕಾಲಂನಲ್ಲಿ ಹಾಕಲಾಗದು.

ಇನ್ನು ನಮ್ಮ ಕೊಟ್ಟೂರು ಸೀಮೆ. ಕಾರ ಹುಣ್ಣಿಮೆಗೆ ಎತ್ತುಗಳನ್ನು ಓಡಿಸಿ ಕರಿ ಹರಿಯುವಾಗ ಯಾರೂ ಸೆಕೆಂಡು ಎಣಿಸುವುದಿಲ್ಲ. ಯಾವ ಬಣ್ಣದ ಎತ್ತು ಮುಂದಾಯಿತು, ಆ ವರ್ಷ ಯಾವ ಬೆಳೆ ಕೈ ಹಿಡಿಯುತ್ತದೆ ಎಂಬುದೇ ನೆನಪಿನಲ್ಲಿ ಉಳಿಯುವುದು. ಅದೂ ಫಲಿತಾಂಶವೇ. ಬರೆದಿಡುವವರು ಊರಿನ ಹೆಸರಿನ ಜೊತೆಗೆ ಇಸವಿಯನ್ನೂ ಆಗಿನ ಜಿಲ್ಲೆಯನ್ನೂ ಬರೆಯಿರಿ. 1953ರ ಅಕ್ಟೋಬರ್‌ವರೆಗೆ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು ಮದ್ರಾಸಿಗೆ ಸೇರಿದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಯಿತು, ಮರಳಿ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ನಮ್ಮ ಕೊಟ್ಟೂರು ಕೂಡ್ಲಿಗಿಯಿಂದ ಬೇರೆಯಾಗಿ ತಾಲ್ಲೂಕಾದದ್ದು ಈಚೆಗೆ. ಅದರ ಹಳೆಯ ಕಾಗದಗಳನ್ನು ಕೂಡ್ಲಿಗಿಯ ಕಟ್ಟಿನಲ್ಲಿ ಹುಡುಕಬೇಕು. ಎಂಬತ್ತು ದಾಟಿದ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಈ ಸಲದ ಹುಣ್ಣಿಮೆಗೆ ಮುಂಚೆಯೇ ಅವರ ಹತ್ತಿರ ಕೂತು ಕೇಳಿ ಬರೆದುಕೊಳ್ಳಿ.